ಆರಿ ವರ್ಕ್ ಬ್ಲೌಸ್: ತೋಳಿನ ಮಣಿ ಸಾಲಾಗಿ ಕಳಚುತ್ತಿದೆ, ಪೈಪ್ ಮಣಿ ಅಲ್ಲಲ್ಲಿ ಬೀಳುತ್ತಿದೆ, ಬೆನ್ನಿನ ಕುತ್ತಿಗೆ ಸುಕ್ಕು. ರಿಪೇರಿ ಹೇಗೆ?

ನೂಲುಂಡೆ:
ರಾ ಸಿಲ್ಕ್ ಬ್ಲೌಸ್, ಒಳಗೆ ಕಾಟನ್ ಲೈನಿಂಗ್. ಕುತ್ತಿಗೆಗೆ 2 ಮಿ.ಮೀ. ಗಾಜಿನ ಮಣಿ ಮೂರು ಸಾಲು. ತೋಳಿನ ಅಂಚಿಗೆ ಅದೇ ಮಣಿ ಒಂದು ಸಾಲು, ಅದರ ಮೇಲೆ 6 ಮಿ.ಮೀ. ಪೈಪ್ ಮಣಿ (ಕೊಳವೆಯಂಥ ಗಾಜಿನ ಮಣಿ). ಎಲ್ಲ ಆರಿ ಸೂಜಿಯಲ್ಲೇ (ತುದಿಯಲ್ಲಿ ಕೊಕ್ಕೆಯಿರುವ ಸೂಜಿ) ಮಾಡಿದ್ದು, ದಾರ ರೀಲಿನಲ್ಲಿ ಬರುವ ಸಿಲ್ಕ್ ದಾರ.
ತೊಂದರೆ ಮೂರು. ಎಡತೋಳಿನಲ್ಲಿ ನಾಲ್ಕು ಇಂಚಿನಷ್ಟು ಮಣಿ ಒಟ್ಟಿಗೇ ಉದುರಿದೆ. ಪೈಪ್ ಮಣಿ ಅಲ್ಲೊಂದು ಇಲ್ಲೊಂದು ಬೀಳುತ್ತಿದೆ. ಬೆನ್ನಿನ ಕುತ್ತಿಗೆ ಅಲೆಅಲೆಯಾಗಿ ಎದ್ದು ನಿಂತಿದೆ. ಹಿಂದಿನಿಂದ ಫ್ಯಾಬ್ರಿಕ್ ಗಮ್ ಹಚ್ಚಿದರೆ ಉಳಿದ ಮಣಿ ನಿಲ್ಲುತ್ತದೆಯೇ?

ಚಮ್ಕಿಡಬ್ಬಿ:
ಗಮ್ ಹಚ್ಚಿ, ನಿಲ್ಲುತ್ತೆ. ಗಮ್ ಇಲ್ಲದಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಕೂಡ ಆಗುತ್ತೆ.

ಸೂಜಿಮೊನೆ:
ಇಡೀ ಸಾಲಿಗೆ ಗಮ್ ಬೇಡ. ಒಣಗಿದ ಗಮ್ ಬಟ್ಟೆಯನ್ನು ಗಡುಸಾಗಿಸುತ್ತದೆ. ತೋಳು ಮಡಚಿದಾಗಲೆಲ್ಲ ಗಡುಸು ಭಾಗ ಮತ್ತು ಮೆತ್ತನೆಯ ಭಾಗ ಸೇರುವಲ್ಲೇ ದಾರ ಮುರಿಯುತ್ತದೆ. ರಾ ಸಿಲ್ಕ್ ಮೇಲೆ ಅದು ಮುಂಭಾಗಕ್ಕೆ ಜಿನುಗಿದರೆ ಕಲೆ ಹೋಗುವುದೂ ಇಲ್ಲ. ನೇಲ್ ಪಾಲಿಶ್ ಅದಕ್ಕಿಂತ ಕೆಟ್ಟದ್ದು, ಅದರ ದ್ರಾವಕಕ್ಕೆ ಬಣ್ಣ ಬಳಿದ ಮಣಿಯ ಮೇಲ್ಪದರ ಕರಗಬಹುದು. ಗಮ್ ಹಾಕಲೇಬೇಕೆಂದರೆ ಗಂಟಿನ ಮೇಲೆ ಮಾತ್ರ, ಗುಂಡುಪಿನ್ನಿನ ತುದಿಯಷ್ಟು.

ನೂಲುಂಡೆ ಮೇಡಂ, ನೀವು ಹೇಳಿದ ಮೊದಲ ಎರಡು ತೊಂದರೆ ಮೇಲಿನಿಂದ ಒಂದೇ ಥರ ಕಾಣಿಸುತ್ತವೆ, ಕಾರಣ ಬೇರೆ ಬೇರೆ ಇರಬಹುದು. ತೋಳಿನ ಅಂಚಿನಲ್ಲಿ ಲೈನಿಂಗ್ ಹೊಲಿಗೆಯನ್ನು ಸ್ವಲ್ಪ ಬಿಚ್ಚಿ ವರ್ಕಿನ ಹಿಂಭಾಗ ನೋಡಿ. ಉದುರಿದ ಜಾಗದಲ್ಲಿ ಅಂಕುಡೊಂಕಾದ ಉದ್ದ ದಾರ ತುಂಡಾಗದೆ ಜೋತಾಡುತ್ತಿದ್ದರೆ ಚೈನ್ (ಕುಣಿಕೆಗೆ ಕುಣಿಕೆ ಸೇರಿಸುತ್ತಾ ಹೋಗುವ ಆರಿ ಹೊಲಿಗೆ) ಬಿಚ್ಚಿಕೊಂಡಿದೆ ಎಂದರ್ಥ, ಅಂದರೆ ಲಾಕ್ (ಸಾಲಿನ ಕೊನೆಯಲ್ಲಿ ಹಾಕುವ ಭದ್ರ ಹೊಲಿಗೆ) ಸಾಲದು. ತುದಿ ಚಿಕ್ಕದಾಗಿ, ಎಳೆ ಎಳೆಯಾಗಿ ಕುಚ್ಚಾಗಿದ್ದರೆ ದಾರ ಕತ್ತರಿಸಿದೆ ಅಥವಾ ಸವೆದಿದೆ.

ಚೈನಿನಲ್ಲಿ ಪ್ರತಿ ಕುಣಿಕೆಯನ್ನು ಹಿಡಿದಿರುವುದು ಅದರ ಮುಂದಿನ ಕುಣಿಕೆ. ಕೊನೆಯದನ್ನು ಹಿಡಿದಿರುವುದು ಲಾಕ್ ಒಂದೇ. ಲಾಕ್ ಜಾರಿದರೆ ಕೊನೆಯಿಂದ ಶುರುವಿನ ಕಡೆಗೆ ಬಿಚ್ಚುತ್ತಾ ಬರುತ್ತದೆ. ನಡುವೆ ಎಲ್ಲಾದರೂ ತುಂಡಾದರೂ ಓಟ ಶುರುವಿನ ಕಡೆಗೇ. ಆದ್ದರಿಂದ ಸಾಲನ್ನು ಯಾವ ತುದಿಯಿಂದ ಶುರುಮಾಡಿದ್ದು ಎಂದು ತಿಳಿದರೆ ಇನ್ನು ಯಾವ ಮಣಿಗೆ ಅಪಾಯ ಎಂಬುದೂ ತಿಳಿಯುತ್ತದೆ.

ಬೇರೇನೂ ಮಾಡುವ ಮೊದಲು ಓಡುತ್ತಿರುವುದನ್ನು ನಿಲ್ಲಿಸಿ. ಶುರುವಿನ ಕಡೆ ಉಳಿದಿರುವ ಕೊನೆಯ ಮಣಿಯ ಪಕ್ಕ, ಬಟ್ಟೆಯ ಮೇಲ್ಭಾಗದಲ್ಲಿ, ಸಣ್ಣ ಕುಣಿಕೆ ನಿಂತಿರುತ್ತದೆ. ತೆಳು ಕೈಸೂಜಿಗೆ ಪಾಲಿಯೆಸ್ಟರ್ ದಾರ ಪೋಣಿಸಿ ಹಿಂದಿನಿಂದ ಮೇಲೆ ತನ್ನಿ, ಕುಣಿಕೆಯೊಳಗೆ ಹಾಯಿಸಿ, ಪಕ್ಕದಲ್ಲೇ ಕೆಳಗಿಳಿಸಿ. ಇದೇ ರೀತಿ ಇನ್ನೊಮ್ಮೆ ಮಾಡಿ, ಹಿಂಭಾಗದಲ್ಲಿ ಎರಡು ಗಂಟು ಹಾಕಿ. ಜೋತಾಡುವ ದಾರವನ್ನು ಇದಾದ ಮೇಲೆ ಕತ್ತರಿಸಿ. ಮೊದಲೇ ಎಳೆದರೆ ಇನ್ನೊಂದಿಷ್ಟು ಮಣಿ ಕೈಗೆ ಬರುತ್ತದೆ.

ಟೇಪುಕತ್ತರಿ:
ಕುತ್ತಿಗೆ ಸುಕ್ಕಿನ ಬಗ್ಗೆ ಒಂದು ಪ್ರಶ್ನೆ: ಯಾವಾಗ ಬಂತು? ಫ್ರೇಮಿನಿಂದ (ವರ್ಕ್ ಮಾಡುವಾಗ ಬಟ್ಟೆ ಬಿಗಿದಿಡುವ ಚೌಕಟ್ಟು) ಬಟ್ಟೆ ಇಳಿಸಿದ ಕೂಡಲೇನಾ, ಹೊಲಿದ ಮೇಲಾ, ನೀರು ಮುಟ್ಟಿದ ಮೇಲಾ? ಫ್ರೇಮಿನಿಂದ ಇಳಿಸಿದಾಗಲೇ ಇದ್ದರೆ ತಪ್ಪು ವರ್ಕಿನಲ್ಲಿದೆ. ಹೊಲಿದಾಗ ಬಂದಿದ್ದರೆ ಕುತ್ತಿಗೆಯ ಓರೆ ಭಾಗ ಪೈಪಿಂಗ್ (ಅಂಚಿಗೆ ಹೊಲಿಯುವ ಬಟ್ಟೆಪಟ್ಟಿ) ಹಾಕುವಾಗ ಹಿಗ್ಗಿದೆ. ಒಗೆದ ಮೇಲೆ ಬಂದಿದ್ದರೆ ಲೈನಿಂಗ್ ನೋಡಬೇಕು.

ನೂಲುಂಡೆ:
ಬಿಚ್ಚಿ ನೋಡಿದೆ. ಎಡತೋಳಿನಲ್ಲಿ ಒಂದೇ ಉದ್ದ ದಾರ, ಎಲ್ಲೂ ತುಂಡಾಗಿಲ್ಲ. ಪೈಪ್ ಮಣಿ ಬಿದ್ದ ಕಡೆಯೆಲ್ಲ ಕುಚ್ಚು ಕುಚ್ಚು ತುದಿ, ಎರಡೂ ಪಕ್ಕದ ಮಣಿ ಸಡಿಲ. ಫ್ರೇಮಿನಿಂದ ತೆಗೆದಾಗ, ಹೊಲಿದಾಗ ಕುತ್ತಿಗೆ ಸರಿಯಾಗೇ ಇತ್ತು. ತಣ್ಣೀರಲ್ಲಿ ಅದ್ದಿ ತೆಗೆದ ಮೇಲೆ ಹೀಗಾಗಿದೆ. ಲೈನಿಂಗ್ ಬಟ್ಟೆಯನ್ನು ಮೊದಲು ನೆನೆಸಿರಲಿಲ್ಲ.

ಸೂಜಿಮೊನೆ:
ಹಾಗಾದರೆ ಎಡತೋಳು ಲಾಕಿನ ತಪ್ಪು, ಪೈಪ್ ಮಣಿ ದಾರ ಕತ್ತರಿಸಿದ್ದು.

ಎಡತೋಳಿನ ನಾಲ್ಕು ಇಂಚಿಗೆ ಮತ್ತೆ ಫ್ರೇಮ್ ಕಟ್ಟಬೇಕಿಲ್ಲ. ನಂಬರ್ 10 ಬೀಡಿಂಗ್ ಸೂಜಿ ತಗೊಳ್ಳಿ, ಮಣಿಯ ತೂತು ಚಿಕ್ಕದಿದ್ದರೆ 12. ದಾರ ಪಾಲಿಯೆಸ್ಟರ್, ಒಂದೂವರೆ ಅಡಿಗಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಮೂರು ಮಣಿ ಪೋಣಿಸಿ ಸಾಲಿನ ಗುರುತಿನ ಮೇಲೆ ಮಲಗಿಸಿ, ಮೂರನೆಯದರ ತುದಿಯಲ್ಲಿ ಸೂಜಿ ಕೆಳಗಿಳಿಸಿ. ಎರಡು ಮತ್ತು ಮೂರನೆಯ ಮಣಿಯ ನಡುವೆ ಮೇಲೆ ತಂದು ಮೂರನೆಯದರೊಳಗೆ ಇನ್ನೊಮ್ಮೆ ಹಾಯಿಸಿ. ಆಮೇಲೆ ಮುಂದಿನ ಮೂರು. ಪ್ರತಿ 9 ಮಣಿಗೆ ಹಿಂಭಾಗದಲ್ಲಿ ಒಂದು ಗಂಟು ಹಾಕಿದರೆ ಮುಂದೆ ಎಲ್ಲಿ ತುಂಡಾದರೂ ಅದು ಮುಂದಿನ ಗಂಟಿನಲ್ಲಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಆರಿ ಸಾಲಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಬಲತೋಳು ಇನ್ನೂ ಬಿಚ್ಚಿಲ್ಲವಾದರೂ ಅದರ ಲಾಕೂ ಅದೇ ಕೈಯದ್ದು. ಸಾಲಿನ ಕೊನೆಯನ್ನು ಈಗಲೇ ದಾರದಲ್ಲಿ ಕಟ್ಟಿಬಿಡಿ. ಹೊಸ ಕೆಲಸದಲ್ಲಿ ಕೊನೆಯ ಮಣಿಯಾದ ಮೇಲೆ 1 ಮಿ.ಮೀ. ಮುಂದೆ, 1 ಮಿ.ಮೀ. ಹಿಂದೆ, ಮತ್ತೆ ಮುಂದೆ ಎಂದು ಮೂರು ಪುಟ್ಟ ಚೈನ್ ಒಂದರ ಮೇಲೊಂದು ಹಾಕಿ, ಕುಣಿಕೆಯನ್ನು ಕೆಳಗಿಳಿಸಿ, ಒಂದು ಸೆಂ.ಮೀ. ದಾರ ಬಿಟ್ಟು ಕತ್ತರಿಸಿ. ಆ ತುದಿಯನ್ನು ಹಿಂದಿನಿಂದ ಕೈಸೂಜಿಯಲ್ಲಿ ಗಂಟು ಹಾಕಿ. ಉದ್ದ ಸಾಲಾದರೆ 12–15 ಮಣಿಗೊಮ್ಮೆ ನಡುವೆಯೂ ಹೀಗೆ ಲಾಕ್ ಮಾಡಿ. ಸಮಯ ಹಿಡಿಯುತ್ತದೆ, ನಿಜ. ಆರ್ಡರ್ ಜಾಸ್ತಿ ಇದ್ದಾಗ ಮೊದಲು ಬಿಟ್ಟುಹೋಗುವುದೇ ಇದು.

ಪೈಪ್ ಮಣಿ ಎಂದರೆ ಗಾಜಿನ ಕೊಳವೆಯನ್ನು ತುಂಡು ಮಾಡಿದ್ದು. ತುದಿ ಚೂಪಾಗಿಯೇ ಇರುತ್ತದೆ. ದಾರ ಅಲ್ಲೇ ತಿರುಗಿ ಬಟ್ಟೆಯೊಳಗೆ ಇಳಿಯುವುದರಿಂದ ಪ್ರತಿ ಅಲುಗಾಟಕ್ಕೂ ಉಜ್ಜಿಕೊಳ್ಳುತ್ತದೆ. ಜೊತೆಗೆ ನೀವು ಬಳಸಿರುವ ರೀಲಿನ ದಾರ ಹೆಸರಿಗಷ್ಟೇ ಸಿಲ್ಕ್. ಅಂಗಡಿಯಲ್ಲಿ ಸಿಗುವುದು ಬಹುಪಾಲು ವಿಸ್ಕೋಸ್. ವಿಸ್ಕೋಸ್ ಒದ್ದೆಯಾದಾಗ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆವರಿನ ತೋಳು, ಉಜ್ಜಾಟ, ಚೂಪು ಗಾಜು ಮೂರೂ ಸೇರಿದರೆ ಉಳಿಯುವುದು ಕಷ್ಟ. ಹೂವು, ಎಲೆ ತುಂಬುವುದಕ್ಕೆ ಆ ದಾರದ ಹೊಳಪೇ ಚಂದ, ಅಲ್ಲಿ ಇರಲಿ. ಮಣಿ ಹಿಡಿಯುವುದಕ್ಕೆ ಅದನ್ನು ಬಳಸಬೇಡಿ.

ಪೈಪ್ ಮಣಿಯನ್ನು ಹೀಗೆ ಕೂರಿಸಿ: ಒಂದು ಚಿಕ್ಕ ಮಣಿ, ಒಂದು ಪೈಪ್, ಮತ್ತೊಂದು ಚಿಕ್ಕ ಮಣಿ. ದಾರ ಬಟ್ಟೆಗೆ ಇಳಿಯುವ ತಿರುವು ಚಿಕ್ಕ ಮಣಿಯ ನುಣುಪು ಅಂಚಿಗೆ ಬರುತ್ತದೆ. ಮೂರರೊಳಗೂ ಎರಡು ಸಲ ದಾರ ಹಾಯಿಸಿ. ಪ್ಯಾಕೆಟ್ ಒಡೆದ ಕೂಡಲೇ ಪರೀಕ್ಷೆ ಮಾಡಿ: ಐದಾರು ಪೈಪ್ ಮಣಿಗೆ ದಾರ ಹಾಕಿ, ಬಗ್ಗಿಸಿ ಹಿಡಿದು ಹತ್ತು ಸಲ ಹಿಂದೆ ಮುಂದೆ ಎಳೆಯಿರಿ. ದಾರ ಕುಚ್ಚಾದರೆ ಆ ಪ್ಯಾಕೆಟ್ ತೋಳಿಗೆ ಬೇಡ, ಉಜ್ಜಾಟವಿಲ್ಲದ ಕಡೆ ಬಳಸಿ.

ಚಮ್ಕಿಡಬ್ಬಿ:
ಪಾಲಿಯೆಸ್ಟರ್ ಬದಲು ಕಾಣದ ನೈಲಾನ್ ದಾರ ಹಾಕಿದರೆ? ಬಣ್ಣ ಹೊಂದಿಸುವ ತಲೆನೋವೇ ಇರಲ್ಲ.

ಸೂಜಿಮೊನೆ:
ಒಂಟಿ ಎಳೆಯ ಪಾರದರ್ಶಕ ನೈಲಾನಿನಲ್ಲಿ ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ಕತ್ತರಿಸಿದ ತುದಿ ಮೈಗೆ ಚುಚ್ಚುತ್ತದೆ. ಹಿಂದಿನಿಂದ ಇಸ್ತ್ರಿ ಬಿಸಿಯಾಗಿ ತಗುಲಿದರೆ ಮೆತ್ತಗಾಗಿ ಕುಗ್ಗುತ್ತದೆ. ಬಟ್ಟೆಯ ಬಣ್ಣಕ್ಕೆ ಹತ್ತಿರದ ಪಾಲಿಯೆಸ್ಟರ್ ಸಾಕು. ಪಾರದರ್ಶಕ ಮಣಿಯಾದರೆ ದಾರದ ಬಣ್ಣ ಒಳಗಿಂದ ಕಾಣುತ್ತದೆ, ಅಲ್ಲಿ ಮಾತ್ರ ಮಣಿಯ ಬಣ್ಣ ನೋಡಿ ಆರಿಸಿ.

ಟೇಪುಕತ್ತರಿ:
ಕುತ್ತಿಗೆಯದ್ದು ಲೈನಿಂಗ್ ಕುಗ್ಗಿರುವುದು. ಮೇಲಿನ ಸಿಲ್ಕ್ ಮಣಿ ಹೊತ್ತು ಅದೇ ಅಳತೆಯಲ್ಲಿದೆ, ಒಳಗಿನ ಕಾಟನ್ ಚಿಕ್ಕದಾಗಿ ಎಳೆಯುತ್ತಿದೆ. ಇಸ್ತ್ರಿಯಲ್ಲಿ ಇದು ಹೋಗುವುದಿಲ್ಲ. ಲೈನಿಂಗನ್ನು ಹಿಗ್ಗಿಸಿ ಹೊಂದಿಸಲು ನೋಡುವವರಿದ್ದಾರೆ, ಮುಂದಿನ ಒಗೆತಕ್ಕೆ ಮತ್ತೆ ಅದೇ ಕಥೆ. ಬೆನ್ನಿನ ಲೈನಿಂಗ್ ತುಂಡನ್ನೇ ಬದಲಾಯಿಸಿ. ಹೊಸ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ಅಳತೆಗೆ ಹಳೆಯ ಲೈನಿಂಗ್ ಇಡಬೇಡಿ, ಅದು ಕುಗ್ಗಿದೆ. ಬಿಚ್ಚಿದ ಸಿಲ್ಕ್ ಬೆನ್ನನ್ನು ಮೇಜಿನ ಮೇಲೆ ಹರವಿ ಅದರ ಮೇಲೆಯೇ ಗುರುತು ಹಾಕಿ. ಪೈಪಿಂಗ್ ಹೊಲಿಯುವ ಮೊದಲು ಕುತ್ತಿಗೆಯ ಸುತ್ತ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದರೆ ಓರೆ ಭಾಗ ಹಿಗ್ಗುವುದಿಲ್ಲ.

ಫ್ರೇಮಿನಿಂದ ಇಳಿಸಿದಾಗಲೇ ಸುಕ್ಕು ಕಂಡವರಿಗೆ ಒಂದು ಮಾತು. ಮಣಿ ಸಾಲು ದಿಂಡಾಗಿ ಎದ್ದು ಬಟ್ಟೆ ಹೊರಕ್ಕೆ ಅಲೆಯಾದರೆ ಮಣಿ ಒತ್ತೊತ್ತಾಗಿದೆ. ಮಣಿಗಳ ನಡುವೆ ಬಟ್ಟೆ ನೆರಿಗೆಯಾಗಿದ್ದರೆ ದಾರ ಬಿಗಿಯಾಗಿದೆ. ಒತ್ತಾಗುವುದನ್ನು ತಪ್ಪಿಸಲು 10 ಮಣಿ ಪೋಣಿಸಿ ಉದ್ದ ಅಳೆದು, ಅಷ್ಟೇ ಉದ್ದದಲ್ಲಿ 9 ಮಾತ್ರ ಕೂರಿಸಿ.

ನೂಲುಂಡೆ:
ಲೈನಿಂಗ್ ಬದಲಾಯಿಸುತ್ತೇನೆ. ಇನ್ನೊಂದು: ಬಲತೋಳು ಅರ್ಧ ಇಂಚು ಸಡಿಲ ಇದೆ. ಪಕ್ಕದ ಹೊಲಿಗೆ ಒಳಕ್ಕೆ ತಂದರೆ ಅದು ಮಣಿ ಸಾಲಿನ ಮೇಲೇ ಹಾದುಹೋಗುತ್ತದೆ. ಅಲ್ಲಿನ ಮಣಿ ಬಿಚ್ಚಿಬಿಡಲೇ?

ಟೇಪುಕತ್ತರಿ:
ಬಿಚ್ಚಬೇಡಿ, ಮೇಲೆ ಹೇಳಿದ ಹಾಗೆ ಓಡಿಹೋಗುತ್ತದೆ. ಗಾಜಿನ ಮಣಿಯನ್ನು ಅಲ್ಲೇ ಒಡೆಯಿರಿ. ಹೊಸ ಹೊಲಿಗೆ ಗೆರೆಯ ಎರಡೂ ಪಕ್ಕ 6 ಮಿ.ಮೀ. ಜಾಗ ಗುರುತು ಮಾಡಿ. ಆ ಜಾಗದ ಎರಡೂ ಅಂಚಿನಲ್ಲಿ ಚೈನನ್ನು ಕೈಸೂಜಿಯಿಂದ ಬಟ್ಟೆಗೆ ಕಟ್ಟಿ ಗಂಟು ಹಾಕಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕನ್ನಡಕ ಹಾಕಿಕೊಂಡು, ಮಣಿಯ ಮೇಲೆ ದಪ್ಪ ಬಟ್ಟೆಯ ತುಂಡು ಮುಚ್ಚಿ, ಇಕ್ಕಳದಲ್ಲಿ ಒಂದೊಂದಾಗಿ ಹಿಸುಕಿ. ಇಕ್ಕಳದ ಬಾಯಿ ಮಣಿಯನ್ನು ಮಾತ್ರ ಹಿಡಿಯಲಿ, ಕೆಳಗಿನ ದಾರವನ್ನಲ್ಲ. ಚೂರುಗಳನ್ನು ಬ್ರಷ್ ಅಥವಾ ಅಂಟು ಟೇಪಿನಲ್ಲಿ ತೆಗೆಯಿರಿ, ಕೈಯಲ್ಲಿ ಒರೆಸಬೇಡಿ.

ಮೆಷಿನ್ನಿಗೆ ಜಿಪ್ ಫೂಟ್ (ಒಂದೇ ಪಕ್ಕ ಒತ್ತುವ ಕಿರಿದಾದ ಪಾದ) ಹಾಕಿ, ಮಣಿ ಸಾಲು ದಾಟುವ ಕಡೆ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಒಂದು ಮಣಿ ಉಳಿದಿದ್ದರೂ ಸೂಜಿ ಮುರಿಯುತ್ತದೆ. ಹೊಲಿಗೆ ಬಿದ್ದ ಮೇಲೆ ಹೊರಗಿನಿಂದ ಖಾಲಿ ಕಾಣುವ ಜಾಗಕ್ಕೆ ಎರಡೋ ಮೂರೋ ಮಣಿ ಕೈಯಲ್ಲಿ ಕೂರಿಸಿ. ಇಸ್ತ್ರಿ ಹಿಂದಿನಿಂದ ಮಾತ್ರ, ಕೆಳಗೆ ದಪ್ಪ ಟವೆಲ್ ಹಾಸಿ. ಚಮ್ಕಿ ಇದ್ದರೆ ಹಬೆಯನ್ನೂ ದೂರವಿಡಿ, ಪ್ಲಾಸ್ಟಿಕ್ ಚಮ್ಕಿ ಸುರುಳಿಯಾಗಿಬಿಡುತ್ತದೆ.

ನೂಲುಂಡೆ:
ಸರಿ ಸರ್. ಮೊದಲು ಎರಡೂ ತೋಳಿನ ತುದಿ ಕಟ್ಟಿ, ಆಮೇಲೆ ಲೈನಿಂಗ್, ಕೊನೆಗೆ ಪಕ್ಕದ ಹೊಲಿಗೆ ಮಾಡುತ್ತೇನೆ.

ಟೇಪುಕತ್ತರಿ:
ಲೈನಿಂಗ್ ಮುಚ್ಚುವ ಮೊದಲೇ ಪಕ್ಕದ ಹೊಲಿಗೆ ಮುಗಿಸಿ. ಇಲ್ಲದಿದ್ದರೆ ಹೊಸ ಲೈನಿಂಗನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.