‘ಪ್ರೊಝೆ’ಗೆ ಕನ್ನಡದಲ್ಲಿ ಏನು? (ತುರ್ತು)

ನಮಸ್ಕಾರ. ಒಂದು ಇತಿಹಾಸ ಪುಸ್ತಕದ ಅನುವಾದ ನಾಳೆ ಕೊಡಬೇಕು. 1812ರ ಅಮೆರಿಕ-ಬ್ರಿಟನ್ ಯುದ್ಧ ಮುಗಿಸಿದ ಘೆಂಟ್ ಒಪ್ಪಂದದ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 1814ರ ನವೆಂಬರ್ 10ರಂದು ಅಮೆರಿಕದ ನಿಯೋಗ ಬ್ರಿಟಿಷರಿಗೆ ತನ್ನ ‘ಪ್ರೊಝೆ’ ಕೊಟ್ಟಿತು, ಅಂದರೆ ಒಪ್ಪಂದ ಹೀಗಿರಲಿ ಎಂದು ತಾನೇ ಬರೆದ ಪಠ್ಯ. ಅವರು ಅದರ ಅಂಚಿನಲ್ಲೇ ತಿದ್ದುಪಡಿ ಬರೆದು ವಾಪಸ್ ಕಳಿಸಿದರು. ಇಂಗ್ಲಿಷಿನಲ್ಲೂ ಆ ಫ್ರೆಂಚ್ ಪದ ಹಾಗೇ ಇದೆ. ‘ಯೋಜನೆ’ ಅಂದರೆ ನಡೆಯುತ್ತಾ? ಮುಂದೆ ‘ಕೋಂತ್ರ್ ಪ್ರೊಝೆ’ (ಅದಕ್ಕೆ ಉತ್ತರವಾಗಿ ಎದುರು ಪಕ್ಷ ಕೊಡುವ ಪಠ್ಯ) ಬೇರೆ ಬರುತ್ತದೆ.

ಮರು: ಯೋಜನೆ ಬೇಡವೇ ಬೇಡ. ಅಣೆಕಟ್ಟು ಕಟ್ಟುವುದು ಯೋಜನೆ. ಇದು ಕಲಮುಗಳ ಸಮೇತ ಬರೆದಿಟ್ಟ ಒಪ್ಪಂದ, ಸಹಿ ಮಾತ್ರ ಬಾಕಿ. ‘ಕರಡು’ ಇದೆಯಲ್ಲ. ಒರಟು, ಇನ್ನೂ ನಯವಾಗದ್ದು ಅಂತಲೇ ಅದರ ಅರ್ಥ. ಇನ್ನೊಂದಕ್ಕೆ ‘ಎದುರುಕರಡು’. ಮುಗಿಯಿತು.

ಮರು: ಮುಗಿದಿಲ್ಲ. ಕರಡು ನಮ್ಮ ಮೇಜಿನ ಮೇಲೇ ಇರುವ ಕಾಗದ. ಪ್ರೊಝೆ ಎದುರು ಪಕ್ಷದ ಮುಂದೆ ಇಡುವಂಥದ್ದು. ಲ್ಯಾಟಿನ್‌ನಲ್ಲಿ ‘ಪ್ರೊ’ ಅಂದರೆ ಮುಂದಕ್ಕೆ, ‘ಯಾಕೆರೆ’ ಅಂದರೆ ಎಸೆಯುವುದು. ಫ್ರಾನ್ಸಿನಲ್ಲಿ ಸರ್ಕಾರ ತರುವ ಮಸೂದೆ ‘ಪ್ರೊಝೆ ದ ಲ್ವಾ’. ಸಂಸತ್ ಸದಸ್ಯರು ತಂದರೆ ಹೆಸರೇ ಬೇರೆ, ‘ಪ್ರೊಪೊಸಿಸ್ಯೋಂ ದ ಲ್ವಾ’. ಹಾಗಾಗಿ ‘ಒಪ್ಪಂದದ ಮಸೂದೆ’ ಸರಿ.

ಮರು: ಮಸೂದೆ ಅರಬ್ಬಿ. ಧಾತುವಿನ ಅರ್ಥ ಕಪ್ಪು, ಅಂದರೆ ಮಸಿ ಬಳಿದು ಗೀಚಿದ ಕಾಗದ. ಅದೂ ಕರಡೇ ಅಲ್ವಾ! ನಮ್ಮದೇ ಪದ ಇರುವಾಗ ಸಾಲ ಯಾಕೆ?

ಮರು: ನಿಮ್ಮ ಮೊದಲ ಪತ್ರದ ಕಲಮು, ಸಹಿ, ಬಾಕಿ ಮೂರೂ ಅರಬ್ಬಿಯಿಂದ ಬಂದವು. ಅವು ಆಗುತ್ತವೆ, ಮಸೂದೆ ಮಾತ್ರ ಆಗುವುದಿಲ್ಲ ಅನ್ನುವುದು ಯಾವ ನ್ಯಾಯ?

ಮರು: ಬಂದು ನೆಲೆಸಿದ ಪದಗಳನ್ನು ಓಡಿಸಿ ಅಂತ ನಾನು ಹೇಳಿಲ್ಲ. ಹೊಸದಕ್ಕೆ ಪದ ಬೇಕಾದಾಗ ಮೊದಲು ಕನ್ನಡದಲ್ಲಿ ಹುಡುಕಿ ಅಂದೆ. 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಇಂಗ್ಲಿಷಿಗೆ ಸರಿಸಮ ಸ್ಥಾನ ಸಿಗುವ ತನಕ ಯುರೋಪಿನ ರಾಯಭಾರಿಗಳ ಭಾಷೆ ಫ್ರೆಂಚ್. ಆ ಒತ್ತಡದಲ್ಲಿ ಇಂಗ್ಲಿಷಿನವರು ‘ಪ್ರೊಝೆ’ ಇಟ್ಟುಕೊಂಡರು. ನಮಗೆ ಆ ಒತ್ತಡ ಇಲ್ಲ. ಸುಮ್ನೆ ಹೊರಗಿಂದ ತರುವ ಚಾಳಿಯೇ ನನಗೆ ಹಿಡಿಸದ್ದು.

ಇಬ್ಬರಿಗೂ ಧನ್ಯವಾದ. ಮಸೂದೆ ಅಂದರೆ ಓದುವವರಿಗೆ ಶಾಸನಸಭೆ ನೆನಪಾಗುತ್ತದೆ. ಅದಕ್ಕೇ ‘ಒಪ್ಪಂದದ ಕರಡು’, ‘ಎದುರುಕರಡು’ ಹಾಕುತ್ತಿದ್ದೇನೆ. ‘ಮುಂದಿಟ್ಟರು’ ಅನ್ನುವ ಕ್ರಿಯಾಪದ ಜೊತೆಗಿರುತ್ತದೆ, ಎದುರಿನವರಿಗೆ ಕೊಟ್ಟದ್ದು ಅನ್ನುವ ಅರ್ಥ ಅಲ್ಲಿ ಬರುತ್ತದೆ.