ಭಾಗಮಂಡಲ ಸಿಗುತ್ತದೆ, ಮಡಿಕೇರಿ ಸಿಗುವುದಿಲ್ಲ: ಪಿಎಚ್‌ಪಿ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ, ವೆಬ್‌ಸೈಟಿಗೆ ಕೋಡ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ ಫೋಲ್ಡರಿನಿಂದ ಫೈಲ್ ಹುಡುಕಿ ಬೇಕಾದ್ದನ್ನು ಸೋಸಿಕೊಳ್ಳುವುದು. ಉತ್ತರ ಕೊಡುವವರು ಕುಶಾಲನಗರದ ನಮ್ಮ ಡೆವಲಪರ್. ಹೆಸರು ಬೇಡ, ಊರು ಹಾಕಿ ಕೇಳಿ. ಮೇಲೆ ಬಂದಿರುವ ಉತ್ತರ ಓದಿ ಆಮೇಲೆ ಕೇಳಿ.

ಗೋಣಿಕೊಪ್ಪ: ಹೋಂಸ್ಟೇ ಸೈಟಿಗೆ ಫೋಟೋ ಗ್ಯಾಲರಿ ಮಾಡಿದ್ದೇನೆ. ಹೆಸರಿನ ಮಾದರಿ ಕೊಟ್ಟರೆ ಫೈಲ್ ಹುಡುಕುವ ಗ್ಲಾಬ್‌ಗೆ ‘ಯಾವ ಹೆಸರಾದರೂ ಸರಿ, ಕೊನೆಗೆ ಜೆಪಿಜಿ’ ಅಂತ ಕೊಟ್ಟಿದ್ದೇನೆ. ಮನೆಯ ವಿಂಡೋಸ್ ಲ್ಯಾಪ್‌ಟಾಪಲ್ಲಿ ಎಲ್ಲಾ ಫೋಟೋ ಬರುತ್ತೆ. ಹೋಸ್ಟಿಂಗಿಗೆ ಹಾಕಿದ ಮೇಲೆ ಫೋನಲ್ಲಿ ತೆಗೆದದ್ದು ಮಾತ್ರ ಬರುತ್ತೆ, ಕ್ಯಾಮೆರಾದ್ದು ಬರಲ್ಲ.

ಡೆವಲಪರ್: ನಿಮ್ಮ ಕ್ಯಾಮೆರಾ ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ವಿಂಡೋಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ, ಹೋಸ್ಟಿಂಗಿನ ಲಿನಕ್ಸ್ ಹಾಗಲ್ಲ. ಗ್ಲಾಬ್ ಬ್ರೇಸ್ ಎಂಬ ಆಯ್ಕೆ ಹಾಕಿ ಎರಡು ರೂಪವನ್ನೂ ಕೊಡಬಹುದು, ಆದರೆ ಆ ಆಯ್ಕೆ ಕೆಲವು ಸಿಸ್ಟಮ್‌ಗಳಲ್ಲಿ ಇರುವುದಿಲ್ಲ. ಎಲ್ಲ ಫೈಲ್ ತೆಗೆದುಕೊಂಡು, ಪಾತ್‌ಇನ್ಫೋದಿಂದ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಯ ಭಾಗ ಪಡೆದು, ಸಣ್ಣಕ್ಷರ ಮಾಡಿ ಹೋಲಿಸಿ. ಜೆಪಿಇಜಿ, ಪಿಎನ್‌ಜಿ, ವೆಬ್‌ಪಿಯನ್ನೂ ಅದೇ ಪಟ್ಟಿಗೆ ಸೇರಿಸಿಬಿಡಿ.

ಸೋಮವಾರಪೇಟೆ: ಫೋಲ್ಡರಿನಲ್ಲಿ ಏನಿದೆ ನೋಡಲು ಸ್ಕ್ಯಾನ್‌ಡಿರ್ ಹಾಕಿದರೆ ಪಟ್ಟಿಯಲ್ಲಿ ಒಂದು ಚುಕ್ಕಿ, ಎರಡು ಚುಕ್ಕಿ ಬರುತ್ತಿದೆ. ವೈರಸ್ಸಾ?

ಡೆವಲಪರ್: ವೈರಸ್ ಅಲ್ಲ. ಒಂದು ಚುಕ್ಕಿ ಅಂದರೆ ಇದೇ ಫೋಲ್ಡರ್, ಎರಡು ಚುಕ್ಕಿ ಅಂದರೆ ಇದರ ಮೇಲಿನ ಫೋಲ್ಡರ್. ಅರೇ ಡಿಫ್‌ನಿಂದ ಎರಡನ್ನೂ ಕಳೆಯಿರಿ. ಪಟ್ಟಿಯ ಮೊದಲ ಎರಡನ್ನು ಕತ್ತರಿಸಿ ಎಸೆಯುವ ಅಭ್ಯಾಸ ಬೇಡ. ಅಡ್ಡಗೆರೆಯಿಂದ (ಹೈಫನ್) ಶುರುವಾಗುವ ಹೆಸರಿದ್ದರೆ ಅದು ಚುಕ್ಕಿಗಿಂತ ಮೊದಲೇ ಬರುತ್ತದೆ, ಆಗ ನಿಮ್ಮ ಒಳ್ಳೆಯ ಫೈಲೇ ಪಟ್ಟಿಯಿಂದ ಹೋಗುತ್ತದೆ.

ಚೆಟ್ಟಳ್ಳಿ: ನಮ್ಮ ದೊಡ್ಡಪ್ಪ ತೋಟದ ಮಳೆ ಲೆಕ್ಕ ಬರೆದಿಟ್ಟಿದ್ದರು, ದಿನಾ ಬೆಳಿಗ್ಗೆ, ಇಂಚು ಸೆಂಟಿನ ಲೆಕ್ಕದಲ್ಲಿ. ನೆಂಟರ ತೋಟಗಳದ್ದನ್ನೂ ಪತ್ರ ಬರೆದು ತರಿಸಿಕೊಳ್ಳುತ್ತಿದ್ದರು. ಎಲ್ಲ ಪುಟ ಸ್ಕ್ಯಾನ್ ಆಗಿದೆ. ಫೈಲಿಗೆ ಕನ್ನಡದಲ್ಲೇ ಹೆಸರು: ಊರು, ಮಳೆ, ಇಸವಿ. ಮನೆಯವರು ನೋಡಲಿ ಅಂತ ಪಿಎಚ್‌ಪಿಯಲ್ಲಿ ಚಿಕ್ಕ ಹುಡುಕಾಟದ ಪುಟ ಮಾಡಿದೆ. ಭಾಗಮಂಡಲ ಅಂತ ಹಾಕಿದರೆ ಪೂರ್ತಿ ಬರುತ್ತೆ. ಕುಶಾಲನಗರವೂ ಪೂರ್ತಿ. ಮಡಿಕೇರಿ ಹಾಕಿದರೆ ಅರ್ಧವೇ. ವಿರಾಜಪೇಟೆಯೂ ಹಾಗೇ. ಫೈಲ್ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತೆ, ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಇಲ್ಲ. ಇನ್ನೊಂದು ಗ್ರೂಪಲ್ಲಿ ಒಂದು ಕೋಡ್ ಬಂತು, ಹೆಸರು ಹೊಂದದ ಫೈಲ್ ಕರಪ್ಟ್ ಆಗಿರುತ್ತೆ, ಅದನ್ನೆಲ್ಲ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿ ಅಂತ. ರಾತ್ರಿ ಅದನ್ನು ಓಡಿಸೋಣ ಅಂತಿದ್ದೇನೆ. ಮೂಲ ರಿಜಿಸ್ಟರು 2018ರ ಆಗಸ್ಟಲ್ಲಿ ನೀರು ಹೊಕ್ಕು ಪುಟಗಳು ಅಂಟಿಕೊಂಡಿವೆ, ಅದೊಂದೇ ಯೋಚನೆ.

ಡೆವಲಪರ್: ಓಡಿಸಬೇಡಿ. ಆ ಕೋಡನ್ನು ಈಗಲೇ ಸರ್ವರಿನಿಂದ ತೆಗೆಯಿರಿ. ತೆಗೆದ ಮೇಲೆ ಇಲ್ಲಿ ಬರೆಯಿರಿ, ಕಾಯುತ್ತೇನೆ.

ಅದಾದ ಮೇಲೆ ಒಂದು ಕೆಲಸ. ಸಿಗುವ ಒಂದು ಮಡಿಕೇರಿ ಫೈಲ್, ಸಿಗದ ಒಂದು ಮಡಿಕೇರಿ ಫೈಲ್ ಎತ್ತಿಕೊಳ್ಳಿ. ಹೆಸರಿನಲ್ಲಿ ಮೊದಲ ಅಡ್ಡಗೆರೆಯವರೆಗಿನ ಭಾಗ ಮಾತ್ರ ಕತ್ತರಿಸಿ, ಉದ್ದ ಅಳೆಯುವ ಸ್ಟ್ರ್‌ಲೆನ್ ಎಷ್ಟು ಹೇಳುತ್ತದೆ ನೋಡಿ.

ಪೊನ್ನಂಪೇಟೆ: ಪರ್ಮಿಷನ್ ಸಮಸ್ಯೆ ಸರ್ ಇದು. ಫಾರ್ವರ್ಡ್ ಮಾಡ್ತಿದ್ದೇನೆ ನೋಡಿ: ‘ಫೈಲ್ ಕಾಣದಿದ್ದರೆ ಫೋಲ್ಡರಿಗೆ 777 ಕೊಡಿ, ಶೇಕಡಾ ನೂರು ಪರಿಹಾರ.’

ಡೆವಲಪರ್: ಪರ್ಮಿಷನ್ ಅಲ್ಲ. ಓದಲು ಅನುಮತಿ ಇಲ್ಲದಿದ್ದರೆ ಭಾಗಮಂಡಲವೂ ಬರುತ್ತಿರಲಿಲ್ಲ. 777 ಅಂದರೆ ಆ ಸರ್ವರಿನಲ್ಲಿರುವ ಯಾವ ಬಳಕೆದಾರ ಬೇಕಾದರೂ ಬರೆಯಬಹುದು, ಅಳಿಸಬಹುದು. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಚೆಟ್ಟಳ್ಳಿ: ತೆಗೆದೆ. ಸಿಗುವ ಫೈಲಿನದು 21. ಸಿಗದ ಫೈಲಿನದು 24. ಎರಡರಲ್ಲೂ ಮಡಿಕೇರಿ ಅಂತಲೇ ಇದೆ, ಇದು ಹೇಗೆ?

ಡೆವಲಪರ್: ಇದನ್ನೇ ನಿರೀಕ್ಷಿಸುತ್ತಿದ್ದೆ. ನಿಮ್ಮ ಒಂದು ಫೈಲೂ ಕೆಟ್ಟಿಲ್ಲ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕನ್ನಡದಲ್ಲಿ ಹೆಸರಿಡುವವರೆಲ್ಲ ಓದಿ.

ಸ್ಟ್ರ್‌ಲೆನ್ ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ಅಕ್ಷರವನ್ನು ಬೈಟಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್. ಮಡಿಕೇರಿಯನ್ನು ಬಿಡಿಸಿ: ಮ, ಡ, ಗುಡಿಸು, ಕ, ಏತ್ವ, ರ, ಗುಡಿಸು. ಏಳು ಚಿಹ್ನೆ, 21 ಬೈಟ್. ಇನ್ನೊಂದು ಫೈಲಿನಲ್ಲಿ ಎಂಟು ಚಿಹ್ನೆ ಇವೆ. ಏಕೆಂದರೆ ಯುನಿಕೋಡಿನಲ್ಲಿ ‘ಕೇ’ಯ ಏತ್ವವನ್ನು ಎರಡು ಥರ ಬರೆಯಬಹುದು. ಒಂದೇ ಚಿಹ್ನೆಯಾಗಿ ಬರೆಯುವುದು ಒಂದು ಥರ. ಎತ್ವ ಬರೆದು ಪಕ್ಕದಲ್ಲಿ ದೀರ್ಘದ ಗುರುತನ್ನು ಬೇರೆಯಾಗಿ ಇಡುವುದು ಇನ್ನೊಂದು ಥರ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪಿಎಚ್‌ಪಿಗೆ ಕಾಣುವುದು ಬೈಟ್ ಮಾತ್ರ, ಹಾಗಾಗಿ ಅದರ ಲೆಕ್ಕಕ್ಕೆ ಎರಡೂ ಬೇರೆ ಬೇರೆ ಊರು.

ಹೀಗೆ ಒಡೆಯುವುದು ಈ ಐದು ಸ್ವರಚಿಹ್ನೆ ಮಾತ್ರ: ಈ, ಏ, ಐ, ಒ, ಓ. ಈಗ ನಿಮ್ಮ ಊರುಗಳನ್ನು ನೋಡಿ. ಭಾಗಮಂಡಲದಲ್ಲಿ ಈ ಐದರಲ್ಲಿ ಒಂದೂ ಇಲ್ಲ. ಕುಶಾಲನಗರದಲ್ಲೂ ಇಲ್ಲ. ಅದಕ್ಕೇ ಅವು ಪೂರ್ತಿ ಬಂದವು. ಮಡಿಕೇರಿಯಲ್ಲಿ ‘ಕೇ’ ಇದೆ, ವಿರಾಜಪೇಟೆಯಲ್ಲಿ ‘ಪೇ’ ಇದೆ. ಸೋಮವಾರಪೇಟೆ ಇದ್ದರೆ ಅಳೆದು ನೋಡಿ, 30 ಬೈಟ್ ಇರಬೇಕಾದ್ದು ಒಡೆದ ರೂಪದಲ್ಲಿ 39 ಆಗಿರುತ್ತದೆ, ಏಕೆಂದರೆ ‘ಸೋ’ದ ಓತ್ವ ಮೂರು ಚೂರಾಗುತ್ತದೆ, ‘ಪೇ’ಯ ಏತ್ವ ಎರಡು. ಕೊಡಗು ಅನ್ನುವ ಹೆಸರೇ ಒಡೆಯುತ್ತದೆ, 15 ಇದ್ದದ್ದು 18.

ಅರ್ಧ ಫೈಲ್ ಮಾತ್ರ ಹೀಗಾಗಿರುವುದಕ್ಕೆ ಕಾರಣ ಅವು ಬಂದ ಕಂಪ್ಯೂಟರ್. ಸ್ಕ್ಯಾನ್ ಮಾಡಿದವರಲ್ಲಿ ಯಾರಾದರೂ ಹಳೆಯ ಮ್ಯಾಕ್ ಬಳಸಿದ್ದರೇ? ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ಪದ್ಧತಿ ಹೆಸರನ್ನು ಒಡೆದೇ ಇಡುತ್ತಿತ್ತು. ಅಲ್ಲಿಂದ ಸರ್ವರಿಗೆ ಏರಿಸಿದರೆ ಒಡೆದ ರೂಪವೇ ಬರುತ್ತದೆ.

ಚೆಟ್ಟಳ್ಳಿ: ಹೌದು ಸರ್! ಮೊದಲ ಅರ್ಧ ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಮಾಡಿದ್ದು, ಅವನದ್ದು ಮ್ಯಾಕ್. ಉಳಿದದ್ದು ನಾನು ಇಲ್ಲೇ ವಿಂಡೋಸಿನಲ್ಲಿ ಮಾಡಿದೆ.

ಸುಂಟಿಕೊಪ್ಪ: ಇದಕ್ಕೇ ನಾನು ಯಾವಾಗಲೂ ಹೇಳೋದು, ಫೈಲಿಗೆ ಇಂಗ್ಲಿಷಿನಲ್ಲೇ ಹೆಸರಿಡಿ ಅಂತ. ತಲೆನೋವೇ ಇಲ್ಲ.

ನಾಪೋಕ್ಲು: ಇಂಗ್ಲಿಷಿನಲ್ಲಿ ಮಡಿಕೇರಿ ಅಂತ ಬರೀತೀರೋ, ಮರ್ಕೇರಾ ಅಂತ ಬರೀತೀರೋ? ಹಳೇ ಕಾಗದಗಳಲ್ಲೆಲ್ಲ ಮರ್ಕೇರಾ. ಅಲ್ಲೂ ಎರಡು ಹೆಸರಾಯ್ತಲ್ಲ.

ಸುಂಟಿಕೊಪ್ಪ: ಅದು ಬೇರೆ ವಿಷಯ.

ನಾಪೋಕ್ಲು: ಬೇರೆ ಹೇಗೆ? ಹುಡುಕಿದರೆ ಸಿಗಲ್ಲ ಅನ್ನೋದು ಒಂದೇ ತಾನೇ.

ವಿರಾಜಪೇಟೆ: ಮೊದಲು ಕನ್ನಡದಲ್ಲಿ ಸರಿಯಾಗಿ ಬರೆಯೋಣ. ದೊಡ್ಡವೀರರಾಜೇಂದ್ರನ ಹೆಸರಿನ ಊರು ಇದು, ‘ವೀ’ ದೀರ್ಘ ಇರಬೇಕು. ವೀರಾಜಪೇಟೆ.

ಸುಂಟಿಕೊಪ್ಪ: ಬಸ್ಸಿನ ಬೋರ್ಡಲ್ಲಿ ವಿರಾಜಪೇಟೆ ಅಂತಲೇ ಇದೆ.

ವಿರಾಜಪೇಟೆ: ಬೋರ್ಡ್ ಬರೆದವನಿಗಿಂತ ಊರಿನವನಿಗೆ ಗೊತ್ತಿರುತ್ತೆ.

ಡೆವಲಪರ್: ಊರಿನ ಹೆಸರಿನ ಚರ್ಚೆ ಆಮೇಲೆ ಮಾಡಿಕೊಳ್ಳಿ. ಚೆಟ್ಟಳ್ಳಿಯವರಿಗೆ ಪರಿಹಾರ ಇನ್ನೂ ಹೇಳಿಲ್ಲ.

ಪಿಎಚ್‌ಪಿಗೆ ಸೇರಿಸಿಕೊಳ್ಳುವ ಇಂಟ್ಲ್ ಎಂಬ ಎಕ್ಸ್‌ಟೆನ್ಷನ್‌ನಲ್ಲಿ (ಇದು ಫೈಲ್ ಹೆಸರಿನ ಎಕ್ಸ್‌ಟೆನ್ಷನ್ ಅಲ್ಲ) ನಾರ್ಮಲೈಸರ್ ಇದೆ. ಹೋಸ್ಟಿಂಗಿನ ನಿಯಂತ್ರಣ ಪುಟದಲ್ಲಿ ಅದು ಆನ್ ಇದೆಯೇ ನೋಡಿ. ಹುಡುಕುವ ಪದವನ್ನೂ, ಫೋಲ್ಡರಿನಿಂದ ಓದಿದ ಪ್ರತಿ ಹೆಸರನ್ನೂ ಅದರ ಫಾರ್ಮ್ ಸಿಗೆ, ಅಂದರೆ ಕೂಡಿಸಿದ ರೂಪಕ್ಕೆ ತನ್ನಿ. ಆಮೇಲೆ ಹೋಲಿಸಿ. ಈ ಕೆಲಸ ಗ್ಲಾಬ್‌ನಿಂದ ಆಗುವುದಿಲ್ಲ, ಅದು ಬೈಟಿಗೆ ಬೈಟ್ ಹೊಂದಿಸುತ್ತದೆ. ಒಳಗೆ ಇಸವಿವಾರು ಫೋಲ್ಡರ್ ಇದ್ದರೆ, ಅವುಗಳ ಒಳಗೂ ಇಳಿಯುವ ರಿಕರ್ಸಿವ್ ಡೈರೆಕ್ಟರಿ ಇಟರೇಟರ್ ತೆಗೆದುಕೊಳ್ಳಿ, ಸ್ಕಿಪ್ ಡಾಟ್ಸ್ ಹಾಕಿ, ಅದನ್ನು ರಿಕರ್ಸಿವ್ ಇಟರೇಟರ್ ಇಟರೇಟರ್ ಒಳಗಿಡಿ, ಅದರ ಮೇಲೆ ಕಾಲ್‌ಬ್ಯಾಕ್ ಫಿಲ್ಟರ್ ಇಟರೇಟರ್. ಹೋಲಿಕೆ ಆ ಕಾಲ್‌ಬ್ಯಾಕ್, ಅಂದರೆ ಪ್ರತಿ ಫೈಲಿಗೂ ಓಡುವ ನಿಮ್ಮ ಕೋಡಿನ ಒಳಗೆ ನಡೆಯಲಿ.

ಇಲ್ಲೇ ಹೆಚ್ಚಿನವರು ಎಡವುತ್ತಾರೆ: ಕೂಡಿಸಿದ ರೂಪ ಹೋಲಿಸುವುದಕ್ಕೆ ಮಾತ್ರ. ಫೈಲ್ ತೆರೆಯುವಾಗ ಡಿಸ್ಕಿನಲ್ಲಿದ್ದ ಹೆಸರನ್ನೇ ಕೊಡಬೇಕು. ಕೂಡಿಸಿದ ಹೆಸರು ಕೊಟ್ಟರೆ ಲಿನಕ್ಸ್ ‘ಅಂಥ ಫೈಲ್ ಇಲ್ಲ’ ಅನ್ನುತ್ತದೆ, ನೀವು ಮತ್ತೆ ಕರಪ್ಟ್ ಅಂದುಕೊಳ್ಳುತ್ತೀರಿ.

ಭಾಗಮಂಡಲ: ನನ್ನದೂ ಮಳೆಯದ್ದೇ. ತೋಟದಲ್ಲಿ ಆಟೊಮ್ಯಾಟಿಕ್ ಮಳೆಮಾಪಕ ಇದೆ. ಪ್ರತಿ ದಿನದ ಫೋಲ್ಡರಿನೊಳಗೆ ಗಂಟೆಗೊಂದು ಫೋಲ್ಡರ್, 0ಯಿಂದ 23ರವರೆಗೆ. ಫೋಲ್ಡರ್ ತೆರೆದು ಒಂದೊಂದೇ ಹೆಸರು ಓದುವ ಓಪನ್‌ಡಿರ್, ರೀಡ್‌ಡಿರ್ ಲೂಪ್ ಹಾಕಿ ಕೂಡಿಸುತ್ತೇನೆ. ಕೆಲವು ದಿನ ಐದೇ ಗಂಟೆ ಬರುತ್ತೆ, ಕೆಲವು ದಿನ ಹದಿನೆಂಟು. 24 ಎಂದೂ ಬಂದಿಲ್ಲ.

ಡೆವಲಪರ್: ಲೂಪಿನ ಷರತ್ತಿನಲ್ಲಿ ರೀಡ್‌ಡಿರ್ ಕೊಟ್ಟದ್ದನ್ನು ಹಾಗೇ ಪರೀಕ್ಷಿಸುತ್ತಿದ್ದೀರಿ. ‘0’ ಎಂಬ ಹೆಸರು ಪಿಎಚ್‌ಪಿಗೆ ಸುಳ್ಳಿನ ಸಮ. ಮಧ್ಯರಾತ್ರಿಯ ಫೋಲ್ಡರ್ ಬಂದ ಕೂಡಲೇ ಲೂಪ್ ನಿಲ್ಲುತ್ತದೆ. ರೀಡ್‌ಡಿರ್ ಹೆಸರುಗಳನ್ನು ಡಿಸ್ಕಿನಲ್ಲಿರುವ ಕ್ರಮದಲ್ಲಿ ಕೊಡುತ್ತದೆ, ಅಂಕಿಯ ಕ್ರಮದಲ್ಲಲ್ಲ. ಅದಕ್ಕೇ ದಿನಕ್ಕೊಂದು ಲೆಕ್ಕ. ಮೂರು ಚಿಹ್ನೆಯ ‘ಸಮವಲ್ಲ’ ಹಾಕಿ ಫಾಲ್ಸ್ ಜೊತೆ ಹೋಲಿಸಿ. ಇಷ್ಟು ದಿನ ಕೂಡಿಸಿದ ಮೊತ್ತವನ್ನು ಎಲ್ಲಾದರೂ ಬರೆದಿಟ್ಟಿದ್ದರೆ ಅದನ್ನು ನಂಬಬೇಡಿ, ಮೊದಲಿಂದ ಕೂಡಿಸಿ.

ಸಿದ್ದಾಪುರ: ಸ್ಕ್ಯಾನ್‌ಡಿರ್‌ನಲ್ಲಿ ಚುಕ್ಕಿ ಬರುತ್ತಿದೆ ಸರ್, ಹೇಗೆ ತೆಗೆಯೋದು?

ಡೆವಲಪರ್: ಮೇಲೆ ಸೋಮವಾರಪೇಟೆಗೆ ಹೇಳಿದ್ದೇನೆ.

ನಾಪೋಕ್ಲು: ಹಾಕಿ ಹಬ್ಬದ ಫೋಟೋ ಇಟ್ಟಿದ್ದೇವೆ, ಹಲವು ವರ್ಷದ್ದು, ಒಂದೇ ಫೋಲ್ಡರಿನಲ್ಲಿ 40 ಸಾವಿರ. ಸ್ಕ್ಯಾನ್‌ಡಿರ್ ಮೆಮೊರಿ ಸಾಲದು ಅಂತ ನಿಲ್ಲುತ್ತೆ.

ಪೊನ್ನಂಪೇಟೆ: ಮೆಮೊರಿ ಲಿಮಿಟ್ ಮೈನಸ್ ಒಂದು ಮಾಡಿ. ಇದೂ ಫಾರ್ವರ್ಡ್ ಬಂದಿತ್ತು, ನಮಗೆ ಕೆಲಸ ಮಾಡ್ತು.

ಡೆವಲಪರ್: ಹಾಗೆ ಮಾಡಬೇಡಿ. ಮೈನಸ್ ಒಂದು ಅಂದರೆ ಮಿತಿಯೇ ಇಲ್ಲ, ಒಂದು ಪುಟ ಪೂರ್ತಿ ಸರ್ವರನ್ನು ಕೆಳಗೆ ಕೂರಿಸಬಹುದು. ಪೊನ್ನಂಪೇಟೆಯವರೇ, ಬಂದದ್ದನ್ನೆಲ್ಲ ಹೀಗೆ ಕಳಿಸಬೇಡಿ, ಕೈ ಮುಗಿಯುತ್ತೇನೆ. ನಾಪೋಕ್ಲು: ಸ್ಕ್ಯಾನ್‌ಡಿರ್, ಗ್ಲಾಬ್ ಎರಡೂ ಪೂರ್ತಿ ಪಟ್ಟಿಯನ್ನು ಒಮ್ಮೆಗೇ ಮೆಮೊರಿಗೆ ತರುತ್ತವೆ. ಡೈರೆಕ್ಟರಿ ಇಟರೇಟರ್ ಒಂದೊಂದಾಗಿ ಕೊಡುತ್ತದೆ, ಅದನ್ನು ಬಳಸಿ. ವರ್ಷಕ್ಕೊಂದು ಫೋಲ್ಡರ್ ಮಾಡಿದರೆ ಇನ್ನೂ ಒಳ್ಳೆಯದು.

ಪೊನ್ನಂಪೇಟೆ: ಸಹಾಯ ಮಾಡೋಣ ಅಂತ ಕಳಿಸೋದು ಸರ್. ಎಲ್ಲದಕ್ಕೂ ಬೈದರೆ ಹೇಗೆ?

ಡೆವಲಪರ್: ನೀವು ಕಳಿಸಿದ್ದನ್ನು ಯಾರಾದರೂ ನಂಬಿ ಓಡಿಸುತ್ತಾರೆ, ಅದೇ ನನ್ನ ಭಯ. ಚೆಟ್ಟಳ್ಳಿಯವರು ಈ ರಾತ್ರಿ ಓಡಿಸುವವರಿದ್ದರು. ಇಲ್ಲಿ ಕೇಳದೆ ಇದ್ದಿದ್ದರೆ ಅವರ ದೊಡ್ಡಪ್ಪನ ಅರ್ಧ ಬರಹ ಬೆಳಗಾಗುವುದರೊಳಗೆ ಹೋಗಿರುತ್ತಿತ್ತು.

ನನ್ನ ಕೈಯಿಂದಲೇ ಒಮ್ಮೆ ಹೀಗಾಗಿದೆ. ಒಬ್ಬರ ಸೈಟಿನಲ್ಲಿ ಹಳೆಯ ಬ್ಯಾಕಪ್ ಅಳಿಸುವ ಕೋಡ್ ಬರೆದೆ. ಗ್ಲಾಬ್‌ಗೆ ಪೂರ್ತಿ ದಾರಿ ಕೊಡದೆ ಬರೀ ನಕ್ಷತ್ರ ಚಿಹ್ನೆ ಕೊಟ್ಟಿದ್ದೆ. ಬ್ರೌಸರಿನಲ್ಲಿ ನೋಡಿದಾಗ ಸರಿಯಿತ್ತು, ಅಲ್ಲಿ ಕೋಡ್ ಇರುವ ಫೋಲ್ಡರೇ ಚಾಲ್ತಿಯಲ್ಲಿರುತ್ತದೆ. ನಿಗದಿತ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿದೆ. ಕ್ರಾನ್ ಶುರುವಾಗುವುದು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ. 30 ದಿನಕ್ಕಿಂತ ಹಳೆಯದು ಅಂತ ಅಲ್ಲಿದ್ದ ಫೈಲನ್ನೆಲ್ಲ ಅಳಿಸಿತು. ಅವರ ಮುಖ ಇನ್ನೂ ಕಣ್ಣಮುಂದಿದೆ. ಅಂದಿನಿಂದ ನನ್ನ ಅಳಿಸುವ ಕೋಡಿನಲ್ಲಿ ಫೈಲ್ ಅಳಿಸುವ ಅನ್‌ಲಿಂಕ್ ಇರುವ ಜಾಗದಲ್ಲಿ ಮೊದಲ ವಾರ ಹೆಸರನ್ನು ಬರೀ ತೋರಿಸುವ ಎಕೋ ಇರುತ್ತದೆ. ಯಾವ ಫೈಲ್ ಹಿಡಿಯುತ್ತಿದೆ ಅಂತ ಪಟ್ಟಿ ಓದಿ, ಆಮೇಲೆ ಅಳಿಸುತ್ತೇನೆ. ದಾರಿ ಯಾವಾಗಲೂ ಕೋಡ್ ಇರುವ ಫೋಲ್ಡರಿನಿಂದ ಪೂರ್ತಿಯಾಗಿ ಬರೆಯುತ್ತೇನೆ.

ಕುಟ್ಟ: ಹಳೆಯ ಫೈಲ್ ಅಂದರೆ ಫೈಲ್‌ಸಿಟೈಮ್ ನೋಡಬೇಕಾ? ಸಿ ಅಂದರೆ ಕ್ರಿಯೇಟ್ ಅಲ್ವಾ?

ಡೆವಲಪರ್: ಅಲ್ಲ. ಲಿನಕ್ಸಿನಲ್ಲಿ ಅದು ಪರ್ಮಿಷನ್, ಮಾಲೀಕ, ಹೆಸರು ಬದಲಾದರೂ ಬದಲಾಗುವ ಸಮಯ. ಒಳಗಿನ ವಿಷಯ ಕೊನೆಗೆ ಬದಲಾದ ಸಮಯ ಕೊಡುವ ಫೈಲ್‌ಎಂಟೈಮ್ ಬಳಸಿ.

ಶನಿವಾರಸಂತೆ: ಪಿಡಿಎಫ್ ಒಳಗಿನ ಪದ ಹುಡುಕೋಕೆ ಆಗುತ್ತಾ?

ಸುಂಟಿಕೊಪ್ಪ: ಈಗಿನ ಕಾಲದಲ್ಲಿ ಇದಕ್ಕೆಲ್ಲ ಪಿಎಚ್‌ಪಿ ಯಾಕೆ, ಪೈಥಾನ್ ಕಲೀರಿ.

ನಾಪೋಕ್ಲು: ಪೈಥಾನಲ್ಲಿ ಮಡಿಕೇರಿ ಒಡೆಯಲ್ವಾ?

ಸುಂಟಿಕೊಪ್ಪ: ನಿಮ್ಮ ಜೊತೆ ವಾದ ಮಾಡೋಕೆ ಬಂದಿಲ್ಲ ನಾನು.

ಡೆವಲಪರ್: ಒಡೆಯುತ್ತದೆ. ಅಲ್ಲೂ ನಾರ್ಮಲೈಸ್ ಮಾಡಲೇಬೇಕು.

ಮೂರ್ನಾಡು: ಸರ್ ಸ್ಕ್ಯಾನ್‌ಡಿರ್ ಹಾಕಿದರೆ ಒಂದು ಚುಕ್ಕಿ ಎರಡು ಚುಕ್ಕಿ

ಡೆವಲಪರ್: ಮೇಲೆ ಓದಿ.

ಮೂರ್ನಾಡು: ಓದೋಕೆ ಟೈಮ್ ಇದ್ದಿದ್ರೆ ಕೇಳ್ತಿರಲಿಲ್ಲ.

ಅಡ್ಮಿನ್: ಮೂರ್ನಾಡಿನವರೇ, ಅವರೂ ದಿನದ ಕೆಲಸ ಮುಗಿಸಿ ಬಂದು ಬರೆಯುತ್ತಿದ್ದಾರೆ. ಭಾಷೆ ಸರಿ ಇರಲಿ.

ಚೆಟ್ಟಳ್ಳಿ: ಇಂಟ್ಲ್ ಆನ್ ಮಾಡಿ, ನೀವು ಹೇಳಿದಂತೆ ಕೋಡ್ ಬದಲಿಸಿದೆ. ಮಡಿಕೇರಿ ಪೂರ್ತಿ ಬಂತು. 1974ರ ಜುಲೈ ಪುಟ ಇಷ್ಟು ದಿನ ಇಲ್ಲವೇ ಇಲ್ಲ ಅಂದುಕೊಂಡಿದ್ದೆ, ದೊಡ್ಡಪ್ಪನ ಅಕ್ಷರ ನೋಡಿ ಕಣ್ಣು ತುಂಬಿ ಬಂತು. ವಿರಾಜಪೇಟೆ ಮಾತ್ರ ಇನ್ನೂ ಆರು ಫೈಲ್ ಕಡಿಮೆ.

ಡೆವಲಪರ್: ಆ ಆರು ಫೈಲಿನ ಹೆಸರು ಕಣ್ಣಿಟ್ಟು ಓದಿ. ‘ವಿ’ ಹ್ರಸ್ವವೋ ದೀರ್ಘವೋ?

ಚೆಟ್ಟಳ್ಳಿ: ದೀರ್ಘ! ವೀರಾಜಪೇಟೆ ಅಂತ ಇದೆ.

ವಿರಾಜಪೇಟೆ: ಬರೆದವರಿಗೆ ಸರಿಯಾಗಿ ಗೊತ್ತಿತ್ತು.

ಡೆವಲಪರ್: ಇದನ್ನು ನಾರ್ಮಲೈಸರ್ ಸರಿ ಮಾಡುವುದಿಲ್ಲ, ಇವು ನಿಜವಾಗಿಯೂ ಎರಡು ಕಾಗುಣಿತ. ಎರಡು ರೂಪವನ್ನೂ ಒಂದು ಚಿಕ್ಕ ಪಟ್ಟಿಯಲ್ಲಿಟ್ಟು ಯಾವುದು ಹೊಂದಿದರೂ ತೆಗೆದುಕೊಳ್ಳಿ. ಫೈಲಿನ ಹೆಸರು ಬದಲಿಸಬೇಡಿ.

ಚೆಟ್ಟಳ್ಳಿ: ಒಡೆದ ಹೆಸರುಗಳನ್ನಾದರೂ ರೀನೇಮ್ ಮಾಡಿ ಕೂಡಿಸಿಬಿಡಲಾ?

ಡೆವಲಪರ್: ಮಾಡಬಹುದು, ಇವತ್ತಲ್ಲ. ಮೊದಲು ಪೂರ್ತಿ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಎರಡೂ ಕಡೆ ಫೈಲ್ ಎಷ್ಟಿದೆ ಎಣಿಸಿ. ನೀವೂ ನಿಮ್ಮ ತಂಗಿಯ ಮಗನೂ ಒಂದೇ ಪುಟವನ್ನು ಸ್ಕ್ಯಾನ್ ಮಾಡಿದ್ದರೆ, ಕೂಡಿಸಿದ ಮೇಲೆ ಎರಡಕ್ಕೂ ಒಂದೇ ಹೆಸರಾಗುತ್ತದೆ. ಲಿನಕ್ಸಿನಲ್ಲಿ ರೀನೇಮ್ ಕೇಳದೆಯೇ ಹಳೆಯದರ ಮೇಲೆ ಬರೆದುಬಿಡುತ್ತದೆ. ಹಾಗಾಗಿ ಆ ಹೆಸರು ಮೊದಲೇ ಇದೆಯೇ ಎಂದು ಫೈಲ್ ಎಕ್ಸಿಸ್ಟ್ಸ್‌ನಿಂದ ನೋಡಿ, ಇದ್ದರೆ ಬಿಟ್ಟು ಮುಂದಕ್ಕೆ ಹೋಗುವಂತೆ ಬರೆಯಿರಿ. ಅಂಥ ಜೋಡಿ ಸಿಕ್ಕರೆ ಎರಡೂ ಪುಟ ತೆರೆದು, ಯಾವುದು ಚೆನ್ನಾಗಿ ಓದಲು ಬರುತ್ತದೆ ಅಂತ ನೀವೇ ನೋಡಿ ತೀರ್ಮಾನಿಸಿ.

ಚೆಟ್ಟಳ್ಳಿ: ನಕಲು ಈಗ ಹಾಕಿದ್ದೇನೆ. ಕರೆಂಟ್ ಇದೆ.