ಗೆಡ್ಡೆ ಸಣ್ಣದಾಗಿಲ್ಲ, ಆದರೂ ಚಿಕಿತ್ಸೆ ಫಲಿಸಿದೆ ಅಂತಾರೆ. ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ತಂದೆಗೆ ಲಿವರ್ ಕ್ಯಾನ್ಸರ್. ರಕ್ತನಾಳದೊಳಗೆ ಟ್ಯೂಬ್ ಹಾಕಿ ಟೇಸ್ (TACE) ಅನ್ನುವ ಚಿಕಿತ್ಸೆ ಮಾಡಿದರು. ತಿಂಗಳಾದ ಮೇಲೆ ಸಿಟಿ ಸ್ಕ್ಯಾನ್ ಆಯಿತು. ಗೆಡ್ಡೆ 5.2 ಸೆಂ.ಮೀ. ಇದ್ದದ್ದು ಈಗ 5 ಸೆಂ.ಮೀ. ಅಷ್ಟೇ. ಡಾಕ್ಟರು ಮಾತ್ರ 'ಒಳ್ಳೆ ರೆಸ್ಪಾನ್ಸ್' ಅನ್ನುತ್ತಾರೆ. ನಮ್ಮ ಸಮಾಧಾನಕ್ಕೆ ಹೇಳಿದ್ದಾ?

ಉತ್ತರ (ರೇಡಿಯಾಲಜಿಸ್ಟ್): ಅಲ್ಲ, ಸುಮ್ನೆ ಹೇಳಿದ್ದಲ್ಲ. ಟೇಸ್ ಆದ ಮೇಲೆ ಗೆಡ್ಡೆ ಎಷ್ಟು ದೊಡ್ಡದಿದೆ ಅನ್ನುವುದಕ್ಕಿಂತ, ಅದಕ್ಕೆ ರಕ್ತ ಹೋಗುತ್ತಿದೆಯಾ ಅನ್ನುವುದೇ ಮುಖ್ಯ.

ಆರೋಗ್ಯವಾದ ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್ ಅನ್ನುವ ರಕ್ತನಾಳದಿಂದ ಬರುತ್ತದೆ. ಈ ಕ್ಯಾನ್ಸರ್ ಗೆಡ್ಡೆ ಬದುಕುವುದು ಹೆಚ್ಚಾಗಿ ಹೆಪಾಟಿಕ್ ಆರ್ಟರಿಯ (ಲಿವರ್‌ನ ಅಪಧಮನಿಯ) ರಕ್ತದಿಂದ. ಟೇಸ್‌ನಲ್ಲಿ ಔಷಧಿ ಕೊಟ್ಟು ಆ ದಾರಿಯನ್ನೇ ಮುಚ್ಚುತ್ತಾರೆ. ಸ್ಕ್ಯಾನ್ ವೇಳೆ ಕಾಂಟ್ರಾಸ್ಟ್ (ರಕ್ತ ಹರಿಯುವ ಜಾಗ ಎದ್ದು ಕಾಣಿಸುವ ದ್ರವ) ಕೊಟ್ಟ ಸುಮಾರು ಅರ್ಧ ನಿಮಿಷಕ್ಕೆ ತೆಗೆಯುವ ಚಿತ್ರದಲ್ಲಿ ಜೀವವಿರುವ ಭಾಗ ಬೆಳ್ಳಗೆ ಹೊಳೆಯುತ್ತದೆ, ಸತ್ತ ಭಾಗ ಕಪ್ಪಗೇ ಉಳಿಯುತ್ತದೆ. ಸತ್ತ ಭಾಗ ಕರಗಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಚಿಕಿತ್ಸೆ ಎಷ್ಟು ಫಲಿಸಿದೆ ಅಂತ ಅಳೆಯುವ ಎಂರೆಸಿಸ್ಟ್ (mRECIST) ಪದ್ಧತಿಯಲ್ಲಿ ಹೊಳೆಯುವ ಭಾಗವನ್ನಷ್ಟೇ ಅಳೆಯುತ್ತೇವೆ. ಅದು 30% ಕಡಿಮೆಯಾದರೆ ಭಾಗಶಃ ರೆಸ್ಪಾನ್ಸ್. ಹೊಳಪೇ ಇಲ್ಲದಿದ್ದರೆ ಪೂರ್ತಿ ರೆಸ್ಪಾನ್ಸ್.

ರಿಪೋರ್ಟ್‌ನಲ್ಲಿ 'ಆರ್ಟೀರಿಯಲ್ ಎನ್‌ಹಾನ್ಸ್‌ಮೆಂಟ್' (ಇದೇ ಆ ಹೊಳಪು) ಅಂತ ಇರುವ ಸಾಲು ಹುಡುಕಿ. ಅಂಚಿನಲ್ಲಿ ಗಂಟಿನ ಹಾಗೆ ಹೊಳಪು ಉಳಿದಿದೆ ಅಂತ ಬರೆದಿದ್ದರೆ, ಇನ್ನೊಮ್ಮೆ ಟೇಸ್ ಬೇಕಾಗಬಹುದು. ಡಾಕ್ಟರನ್ನು ಕೇಳಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. 'ಲಿಪಿಯೋಡಾಲ್ ಇದೆ, ಎಂಆರ್‌ಐ ಮಾಡಿಸಿ' ಅಂತ ಬರೆದಿದ್ದಾರೆ. ಮತ್ತೆ ಖರ್ಚು, ಬೇಕೇ ಬೇಕಾ?

ಉತ್ತರ: ಖರ್ಚಿನ ಚಿಂತೆ ಅರ್ಥವಾಗುತ್ತದೆ. ಆದರೆ ಕಾರಣವಿದೆ. ಲಿಪಿಯೋಡಾಲ್ ಅನ್ನುವುದು ಟೇಸ್ ವೇಳೆ ಗೆಡ್ಡೆಯೊಳಗೆ ಬಿಡುವ ಎಣ್ಣೆ. ಸಿಟಿಯಲ್ಲಿ ಅದೇ ಬೆಳ್ಳಗೆ ಕಾಣುತ್ತದೆ. ಪಕ್ಕದಲ್ಲಿ ಜೀವವಿರುವ ಚೂರು ಹೊಳೆದರೂ ಆ ಬಿಳುಪಿನಲ್ಲಿ ಮುಚ್ಚಿಹೋಗುತ್ತದೆ. ಎಂಆರ್‌ಐಗೆ ಈ ತೊಂದರೆ ಬಹಳ ಕಡಿಮೆ. ನಾನಾದರೂ ಮಾಡಿಸಿ ಅಂತಲೇ ಹೇಳುತ್ತಿದ್ದೆ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಜೊತೆಗೇ ಒಯ್ಯಿರಿ. ಸಾಧ್ಯವಾದರೆ ಮುಂದಿನ ಸ್ಕ್ಯಾನ್‌ಗಳನ್ನೂ ಅದೇ ಸೆಂಟರ್‌ನಲ್ಲಿ ಮಾಡಿಸಿ, ಹೋಲಿಸುವುದು ಸುಲಭ. ಹಳೇ ಸಿಡಿ ಮರೆಯಬೇಡಿ.

ಇನ್ನೊಬ್ಬರು: ನಮ್ಮ ಅಕ್ಕನಿಗೆ ಮೆದುಳಲ್ಲಿ ಗ್ಲಿಯೊಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಗೆಡ್ಡೆ. ಬೆವಾಸಿಜುಮ್ಯಾಬ್ ಅನ್ನುವ ಔಷಧಿ ಶುರುವಾದ ಮೇಲಿನ ಎಂಆರ್‌ಐಯಲ್ಲಿ ಹೊಳಪು ತುಂಬಾ ಕಡಿಮೆಯಾಗಿದೆ. ಹಾಗಾದರೆ ಗೆಡ್ಡೆ ಸತ್ತಿದೆ ಅಲ್ವಾ?

ಉತ್ತರ: ಅಲ್ಲಿ ಅಷ್ಟು ಬೇಗ ಹಾಗೆನ್ನಲು ಬರುವುದಿಲ್ಲ. ಈ ಔಷಧಿ ರಕ್ತನಾಳ ಸೋರುವುದನ್ನು ನಿಲ್ಲಿಸುತ್ತದೆ. ಕಾಂಟ್ರಾಸ್ಟ್ ಹೊರಗೆ ಬರುವುದಿಲ್ಲ, ಹೊಳಪು ಒಂದೆರಡು ದಿನದಲ್ಲೇ ಇಳಿಯಬಹುದು. ಬಾವೂ ಇಳಿಯುವುದರಿಂದ ಅಕ್ಕನಿಗೆ ತಲೆನೋವು ಕಡಿಮೆ ಅನ್ನಿಸಬಹುದು, ಅದು ನಿಜವಾದ ಲಾಭವೇ. ಗೆಡ್ಡೆ ಮಾತ್ರ ಹೊಳಪಿಲ್ಲದೆಯೂ ಒಳಗೊಳಗೇ ಹರಡಬಲ್ಲದು. ಅದಕ್ಕೇ ಫ್ಲೇರ್ ಮತ್ತು ಡಿಫ್ಯೂಷನ್ ಅನ್ನುವ ಬೇರೆ ಬಗೆಯ ಎಂಆರ್‌ಐ ಚಿತ್ರಗಳನ್ನೂ ನೋಡುತ್ತೇವೆ. ಕನಿಷ್ಠ 4 ವಾರ ಬಿಟ್ಟು ಇನ್ನೊಂದು ಸ್ಕ್ಯಾನ್‌ನಲ್ಲೂ ಹೀಗೇ ಇದ್ದರೆ ಮಾತ್ರ ರೆಸ್ಪಾನ್ಸ್ ಅಂತ ಬರೆಯುತ್ತೇವೆ.